ಅಡ್ಡಿಲ್ಲ ಎಂದರೆ ಹೌದು

ಪುತ್ತೂರು ಪಕ್ಕದ ಸವಣೂರಿನ ಭವಿತಾ ಹೊಲಿಗೆಗೆ ತೆಗೆದುಕೊಂಡ ರವಿಕೆ ಹೇಳಿದ ದಿನ ಕೊಟ್ಟದ್ದು ಇತಿಹಾಸದಲ್ಲೇ ಇಲ್ಲ. ಆದರೆ ಯಾರಿಗಾದರೂ ರಕ್ತ ಬೇಕೆಂದರೆ ಅರ್ಧ ಗಂಟೆಯಲ್ಲಿ ಜನ ಹೊರಡಿಸುತ್ತಾಳೆ. ಹನ್ನೆರಡು ವರ್ಷದ ಹಿಂದೆ ಅವಳ ತಮ್ಮ ಯತಿನ್ ಅಪಘಾತವಾಗಿ ಪುತ್ತೂರಿನಲ್ಲಿ ಮಲಗಿದ್ದಾಗ, ರಕ್ತ ಕೊಡುವವರನ್ನು ಹುಡುಕಿ ಮುಗಿಯುವುದರೊಳಗೆ ಹುಡುಗ ಹೋಗಿಬಿಟ್ಟ. ಅಂದಿನಿಂದ ಪುತ್ತೂರು, ಸುಳ್ಯ, ಕಡಬದ ರಕ್ತದಾನಿಗಳ ಹೆಸರು ಅವಳ ಅಳತೆ ಪುಸ್ತಕದ ಹಿಂಬದಿಯಲ್ಲಿ ಸೇರುತ್ತಾ ಬಂತು. ಈಗ ಆರುನೂರು ದಾಟಿದೆ.

ಕಳೆದ ವರ್ಷ ಅದನ್ನೆಲ್ಲ ಒಂದು ಆ್ಯಪ್ ಮಾಡಿದಳು. ಹೈಸ್ಕೂಲಿನಲ್ಲಿ ಅವಳಿಗೆ ಕನ್ನಡ ಕಲಿಸಿದವಳು ನಾನು. ಗಣಿತದಲ್ಲಿ ಅವಳಿಗೆ ಎಷ್ಟು ಅಂಕ ಬಂದಿತ್ತೆಂದು ಹೇಳಿದರೆ ಅವಳಿಗೂ ಶಾಲೆಗೂ ಅವಮಾನ. ಕೋಡಿಂಗ್ ಒಂದಕ್ಷರ ಬಾರದು. ಎಐಗೆ ಫೋನಿನಲ್ಲಿ ಕನ್ನಡದಲ್ಲೇ ಹೇಳಿದಳು: ಯಾವ ಗುಂಪಿನ ರಕ್ತ ಬೇಕೋ ಆ ಗುಂಪಿನವರಿಗೆಲ್ಲ ಮೆಸೇಜ್ ಹೋಗಬೇಕು, ಉತ್ತರ ನೋಡಿ ಬರುವವರ ಹೆಸರು ಹಸಿರು, ಬಾರದವರದ್ದು ಕೆಂಪು ಆಗಬೇಕು. ನಾಲ್ಕೇ ಸಂಜೆಯಲ್ಲಿ ತಯಾರು.

"ನೀನು ಬರೆಯದ್ದನ್ನು ನಂಬುದು ಹೇಗೆ ಮಾರಾಯ್ತಿ?" ಎಂದೆ.

"ಈ ಮಿಶನ್ ನಾನು ಮಾಡಿದ್ದಾ ಟೀಚರ್? ಹೊಲಿಯುದಿಲ್ವಾ?" ಎಂದಳು. ನನಗೆ ಉರಿಯಿತು.

ಮಾರ್ಚಿನ ಒಂದು ಬೆಳಿಗ್ಗೆ ರವಿಕೆಗಾಗಿ ಜಗಳಕ್ಕೆಂದೇ ಅಂಗಡಿಗೆ ಹೋಗಿದ್ದೆ. ಆಗ ಫೋನ್ ಬಂತು. ಬೆಟ್ಟಂಪಾಡಿಯ ಅಕ್ಷಿತಾ ಹೆರಿಗೆಗೆ ಪುತ್ತೂರಿನಲ್ಲಿದ್ದಾಳೆ, ಮಧ್ಯಾಹ್ನ ಆಪರೇಶನ್, ಓ ನೆಗೆಟಿವ್ ಎರಡು ಬಾಟಲಿ ಬೇಕು, ಎಲ್ಲೂ ಸಿಗುತ್ತಿಲ್ಲ. ಆ ಗುಂಪಿನವರು ಭವಿತಾಳ ಪಟ್ಟಿಯಲ್ಲಿ ಒಂಬತ್ತೇ ಜನ. ಮೆಸೇಜ್ ಹೋಯಿತು. ಅರ್ಧ ಗಂಟೆಯೊಳಗೆ ಒಂಬತ್ತೂ ಹೆಸರು ಕೆಂಪಾದವು.

ಭವಿತಾಳ ಮುಖ ಬಿಳಿಚಿತು. ಯತಿನ್ ಹೋದ ದಿನ ಕಂಡ ಮುಖವದು. "ನಾನು ಹೇಳಲಿಲ್ವಾ" ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

"ಯೂಸುಫಾಕನೂ ಬರುದಿಲ್ವಾ? ಆಗ್ಲಿಕ್ಕೇ ಇಲ್ಲ ಟೀಚರ್. ಮಗಳ ನಿಶ್ಚಿತಾರ್ಥ ಬಿಟ್ಟು ಬಂದು ರಕ್ತ ಕೊಟ್ಟವರು ಅವರು" ಎಂದು ಭವಿತಾ ಫೋನ್ ಹಚ್ಚಿದಳು.

"ಬರುದಿಲ್ಲ ಅಂತ ನಾನು ಯಾವಾಗ ಹೇಳಿದ್ದು?" ಯೂಸುಫಾಕನ ದನಿ ನನಗೂ ಕೇಳಿಸಿತು. "ಅಡ್ಡಿಲ್ಲ ಅಂತ ಹಾಕಿದ್ದೇನಲ್ಲ! ಅಂಗಿ ಹಾಕಿ ನಿಂತಿದ್ದೇನೆ, ಎಷ್ಟು ಗಂಟೆಗೆ ಬರ್ಬೇಕು ಹೇಳು."

ಅಡ್ಡಿಲ್ಲ! ಅಡ್ಡಿ ಮತ್ತು ಇಲ್ಲ, ಲೋಪಸಂಧಿ. ಮೂವತ್ತು ವರ್ಷ ಬೋರ್ಡಿನಲ್ಲಿ ಬರೆದವಳು ನಾನು. ನಮ್ಮ ಕಡೆ ಮನಸಾರೆ ಒಪ್ಪುವುದಕ್ಕೆ ಇದೇ ಮಾತು. ಎಐ ಬರೆದ ಆ್ಯಪ್ ಮಾತ್ರ ಕೊನೆಯಲ್ಲಿ 'ಇಲ್ಲ' ಕಂಡಲ್ಲೆಲ್ಲ ಕೆಂಪು ಬಳಿದಿತ್ತು. ಬೇರೆ ಗುಂಪುಗಳಲ್ಲಿ ನೂರಾರು ಜನರಿದ್ದುದರಿಂದ ಯಾರೋ ನಾಲ್ವರು 'ಬರ್ತೇನೆ' ಎಂದು ಬರೆದು ಕೆಲಸ ನಡೆಯುತ್ತಿತ್ತು, ತಪ್ಪು ಅಡಗಿ ಕುಳಿತಿತ್ತು.

ಉಳಿದವರಿಗೂ ಫೋನ್ ಮಾಡಿದೆವು. ಒಂಬತ್ತರಲ್ಲಿ ಆರು ಮಂದಿ ಬರುವವರೇ. ಸುಳ್ಯದ ರೂಪೇಶ್ ಅಷ್ಟರಲ್ಲಿ ಬಸ್ಸನ್ನೇ ಹತ್ತಿದ್ದ. ಎರಡು ಬಾಟಲಿ ಕೇಳಿದ್ದಲ್ಲಿ ನಾಲ್ವರು ಅಂಗಿಯ ತೋಳು ಮಡಚಿ ಕುಳಿತರು. ನಾಲ್ಕು ಗಂಟೆಗೆ ಸುದ್ದಿ ಬಂತು: ಹೆಣ್ಣು ಮಗು, ತಾಯಿ ಕ್ಷೇಮ. ಭವಿತಾ ಮಿಶನಿನ ಮೇಲೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ, ಹೇಳಲು ನಾಚಿಕೆಯೇನಿಲ್ಲ.

ಎಐ ಆ ತಪ್ಪನ್ನು ಎರಡೇ ನಿಮಿಷದಲ್ಲಿ ತಿದ್ದಿಕೊಟ್ಟಿತು. ಈ ಸಲ ಪರೀಕ್ಷೆ ಮಾತ್ರ ನನ್ನದು. ತೊಂದರೆ ಇಲ್ಲ, ಬೇಜಾರಿಲ್ಲ, ಬಾರದೆ ಎಲ್ಲಿಗೆ ಹೋಗ್ಲಿಕ್ಕುಂಟು, ಹೀಗೆ ನಮ್ಮೂರ ಒಪ್ಪಿಗೆಗಳನ್ನೆಲ್ಲ ಅದರ ಮುಂದೆ ಸುರಿದೆ. ಕೆಂಪಾದವರಿಗೆ ಫೋನ್ ಮಾಡದೆ ಪಟ್ಟಿ ಮುಚ್ಚದ ಹಾಗೆ ಭವಿತಾ ಇನ್ನೊಂದು ನಿಯಮ ಹಾಕಿಸಿದಳು. ಆಮೇಲೆ ಹದಿನೇಳು ಮಂದಿಗೆ ರಕ್ತ ಸಿಕ್ಕಿದೆ, ಒಂದೂ ತಪ್ಪಿಲ್ಲ. ಅವಳ ಗಣಿತದ ಅಂಕವನ್ನು ನಾನು ಮರೆತಿದ್ದೇನೆ.

ನಿನ್ನೆ ಅಂಗಡಿಗೆ ಹೋಗಿ, "ನನ್ನ ರವಿಕೆ ಶುಕ್ರವಾರಕ್ಕೆ ಆಗ್ತದಾ?" ಎಂದು ಕೇಳಿದೆ.

"ಅಡ್ಡಿಲ್ಲ ಟೀಚರ್" ಎಂದಳು.

ಹೊಲಿಯುವವರ ಬಾಯಿಯ ಅಡ್ಡಿಲ್ಲಕ್ಕೆ ಆ ಹಳೇ ಆ್ಯಪ್ ಹೇಳಿದ ಅರ್ಥವೇ ಸರಿ.