ಗಿರಿಜಾ ನಿಂತ ಜಾಗ

ಗಂಗಾವತಿಯಲ್ಲಿ ಮೊದಲ ದಿನ ಬೆಳಿಗ್ಗೆ ಎದ್ದಾಗ ಓಣಿಯ ಒಂದು ಮನೆಯಿಂದಲೂ ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ. ಯಾರೋ ತೀರಿಕೊಂಡಿರಬೇಕು ಎಂದು ಹೆದರಿದೆ. ಇಲ್ಲಿ ಮುಂಜಾನೆಯೂ ಅನ್ನ ತಿನ್ನುತ್ತಾರೆ ಎಂಬುದು ಆಮೇಲೆ ತಿಳಿಯಿತು.

ಊರಲ್ಲಿರುವ ಮೊಮ್ಮಕ್ಕಳೇ, ಅಜ್ಜ ಹೋದ ಮೇಲೆ ನಿಮ್ಮನ್ನು ಬಿಟ್ಟು ಯಾಕೆ ಬಂದೆ ಎಂದು ಕೇಳುತ್ತೀರಿ. ನಿಮ್ಮ ಅತ್ತೆ ಆಸ್ಪತ್ರೆಯಲ್ಲಿ ನರ್ಸ್, ಪಾಳಿಯ ಕೆಲಸ. ಅವಳ ಮಗಳು ಗಿರಿಜಾಳ ಜೊತೆ ಮನೆಯಲ್ಲಿ ಒಬ್ಬರು ಬೇಕಿತ್ತು.

ಯಲಬುರ್ಗಾ ಕಡೆಯ ನಮ್ಮ ಕರಿ ಮಣ್ಣಿನ ಎರೆ ಹೊಲದಲ್ಲಿ ಮಳೆಗಾಗಿ ಮುಗಿಲು ನೋಡುತ್ತೇವೆ, ಇಲ್ಲಿ ಕಾಲುವೆ ನೋಡುತ್ತಾರೆ. ಪಕ್ಕದ ಮನೆಯಾಕೆ ತೆಲುಗಿನವಳು. "ಮೀ ಅಮ್ಮಾಯಿ ಚಾಲಾ ಪೊಡುಗಂಡಿ" ಎಂದಳು ಒಮ್ಮೆ. ನಿಮ್ಮ ಹುಡುಗಿ ಬಹಳ ಉದ್ದ ಎಂದು ಅದರ ಅರ್ಥ. ನಾನು ನಕ್ಕು ಒಳಗೆ ಹೋದೆ. ಬಹಳ ದಿನ ಯಾರೊಂದಿಗೂ ನನ್ನ ಬಾಯಿ ತೆರೆಯಲಿಲ್ಲ. ಜೋಳ ಬೀಸುವ ಗಿರಣಿಯನ್ನು ಒಬ್ಬಳೇ ಹುಡುಕಿದ್ದು ನನ್ನ ದೊಡ್ಡ ಗೆಲುವು.

ಗಿರಿಜಾ ನಮ್ಮ ಬಾಗಿಲಿನಷ್ಟು ಎತ್ತರ. ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಬುಟ್ಟಿಯ ಕೆಳಗೆ ಅವಳ ಜಾಗ. ಉಳಿದವರು ಚೆಂಡು ಎಸೆದು ಕೊಡುವರು, ಇವಳು ಕೈಯೆತ್ತಿ ಹಾಕುವಳು. ಒಂದು ಸಂಜೆ ಆಟ ಕಲಿಸುವ ಸರ್ ಮನೆಗೆ ಬಂದರು. ಮಗಳು ಡ್ಯೂಟಿಯಲ್ಲಿದ್ದಳು.

"ಈಗಿನ ಆಟ ಹಂಗಿಲ್ರಿ ಆಯಿ. ಎತ್ತರದವರೂ ಓಡಬೇಕು, ದೂರ ನಿಂತೂ ಹಾಕಬೇಕು. ದಿನಾ ಮುಂಜಾನೆ ಒಂದು ತಾಸು ಕಳಿಸ್ರಿ, ಕಲಿಸ್ತೀನಿ."

ನನಗೆ ಕಣದ ಮೇಟಿ ನೆನಪಾಯಿತು. ನೀವು ನೋಡಿಲ್ಲ. ಕಣದ ನಡುವೆ ನೆಟ್ಟ ಕಂಬ ಅದು, ಎತ್ತುಗಳು ಅದರ ಸುತ್ತ ತಿರುಗಿ ತೆನೆ ತುಳಿಯುತ್ತಿದ್ದವು. ನಡುವೆ ನಿಲ್ಲುವುದು ಹಿರಿತನದ ಜಾಗ, ಅದರಿಂದ ಹುಡುಗಿಯನ್ನು ಕೀಳುತ್ತಿದ್ದಾರೆ ಅನ್ನಿಸಿತು.

"ಮೇಟಿ ಎಲ್ಲ್ಯಾರ ಅಡ್ಡಾಡತೈತೇನ್ರಿ? ಆಕಿ ಅಲ್ಲೇ ನಿಂತು ಆಡ್ತಾಳ" ಎಂದುಬಿಟ್ಟೆ.

ಸರ್ ನಕ್ಕರು. "ಈಗ ಕಣಾನ ಇಲ್ಲಲ್ರಿ ಆಯಿ, ಮಷಿನ್ ಬಂದಾವ. ಎತ್ತರ ಬ್ಯಾಡ ಅಂತಲ್ಲ, ಎತ್ತರದ ಕೂಡ ಇನ್ನೊಂದು ಬೇಕು."

ಗಿರಿಜಾ ನನ್ನ ಮುಖ ನೋಡಿದಳು. ಮುಂಜಾನೆಯ ಕಲಿಕೆಗೆ ಹೋಗಲಿಲ್ಲ.

ಜಿಲ್ಲಾ ತಂಡಕ್ಕೆ ಆರಿಸುವ ದಿನ ನಾನೂ ಕೊಪ್ಪಳಕ್ಕೆ ಹೋಗಿದ್ದೆ. ಎದುರಿನ ತಂಡದಲ್ಲೂ ಒಬ್ಬಳು ಎತ್ತರದವಳಿದ್ದಳು. ಅವಳು ಹೊರಗೆ ಓಡಿ ಬಂದು ದೂರದಿಂದ ಹಾಕುತ್ತಿದ್ದಳು. ನಮ್ಮವಳು ಬುಟ್ಟಿಯ ಕೆಳಗೆ ಎರಡೂ ಕೈ ಎತ್ತಿ ಕಾಯುತ್ತಿದ್ದಳು. ಸುತ್ತ ಮೂವರು ಮುತ್ತಿದ್ದರು, ಚೆಂಡು ಬರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಅವಳನ್ನು ಹೊರಗೆ ಕೂರಿಸಿದರು. ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ.

ಬಸ್ಸಿನಲ್ಲಿ ಕೇಳಿದೆ, "ದೂರದಿಂದ ಹಾಕೋದು ಕಲೀಬೇಕಂತ ನಿನಗ ಇತ್ತೇನು?"

"ಇತ್ತು."

"ಮತ್ತ ಯಾಕ ಹೇಳಲಿಲ್ಲ?"

"ನೀ ಈ ಊರಿಗೆ ಬಂದು ಹೊರಗಿನವರ ಮುಂದ ಬಾಯಿ ಬಿಟ್ಟಿದ್ದೇ ಅವತ್ತು, ಆಯಿ. ನಿನ್ನ ಮೊದಲನೇ ಮಾತು ನಾನ ಹ್ಯಾಂಗ ಕೆಡವಲಿ?"

ಹೊಸ ಊರಿನಲ್ಲಿ ನಾನು ಒಂದೇ ಒಂದು ಮಾತಾಡಿದ್ದೆ. ಅದಕ್ಕೆ ಅವಳು ತನ್ನ ವರ್ಷವನ್ನೇ ಕೊಟ್ಟಿದ್ದಳು.

ಮರುದಿನ ನಾನೇ ಸರ್ ಹತ್ತಿರ ಹೋಗಿ ತಪ್ಪಾಯಿತು ಎಂದೆ. "ಇನ್ನ ಮುಂದಿನ ವರ್ಷ ನೋಡೂಣ್ರಿ" ಎಂದರು. ಅಷ್ಟರಲ್ಲಿ ಅವಳಿಗೆ ಆ ತಂಡಕ್ಕೆ ಸೇರುವ ವಯಸ್ಸು ದಾಟಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಕಲಿಸುತ್ತಿದ್ದಾರೆ.

ಎಳ್ಳಮಾಸಿ ಹಬ್ಬಕ್ಕೆ ಚರಗ ಚೆಲ್ಲಲು ಬಾ ಎಂದು ನೀವು ಫೋನ್ ಮಾಡಿದ್ದಿರಿ. ಮಗಳದು ರಾತ್ರಿ ಪಾಳಿ, ಬರಲಾಗಲಿಲ್ಲ. ನೀವು ಜೋಳದ ಹೊಲದಲ್ಲಿ ಬೆಳೆಗೆ ಎಡೆ ಚೆಲ್ಲುತ್ತ ನಡೆಯುತ್ತಿದ್ದ ಹೊತ್ತಿಗೆ ನಾನು ಮೈದಾನದ ಗೆರೆಯ ಹೊರಗೆ ನಿಂತಿದ್ದೆ. ಗಿರಿಜಾ ದೂರದಿಂದ ಎಸೆದ ಚೆಂಡು ಬುಟ್ಟಿ ಮುಟ್ಟದೆ ನನ್ನ ಕಾಲ ಬಳಿ ಬಂತು. ಮನಸ್ಸೆಲ್ಲ ನಿಮ್ಮ ಹೊಲದಲ್ಲಿತ್ತು. ಸೆರಗು ಸಿಕ್ಕಿಸಿ, ಬಗ್ಗಿ, ಚೆಂಡನ್ನು ಎತ್ತಿ ಅವಳ ಕೈಗೆ ಕೊಟ್ಟೆ.