ಚಾಪ್ ಇಲ್ಲದ ಮಟನ್

ಮಗಳು ಬ್ಯಾಂಕಿನ ಕೆಲಸ ಬಿಟ್ಟು ಚೆಂಬೂರಿನಲ್ಲಿ ಆರ್ಗ್ಯಾನಿಕ್ ಕುರಿಮಾಂಸದ ಅಂಗಡಿ ತೆರೆದಾಗ ನಾನು ‘ಲವ್ಲಿ’ ಅಂದಿದ್ದೆ. ಕಾನ್ವೆಂಟಿನಲ್ಲಿ ಕಲಿತ ಅಭ್ಯಾಸ, ಅರ್ಥವಾಗದ್ದಕ್ಕೆಲ್ಲ ಅದೇ ಪದ. ಸೊಲ್ಲಾಪುರದ ಕಡೆಯ ಕುರಿಗಾರರ ಮಂದೆ, ಇಂಜೆಕ್ಷನ್ ಇಲ್ಲ, ಚೀಲದ ಮೇವಿಲ್ಲ. ಸರ್ಟಿಫಿಕೇಟ್ ಕೈಗೆ ಬರಲು ಅವಳು ಮೂರು ವರ್ಷ ಅಲೆದಳು. ಬೀಫ್ ಯೋಚನೆಯನ್ನು, ಈ ಊರಿನಲ್ಲಿ ಆ ತಲೆನೋವು ಬೇಡವೆಂದು, ಮೊದಲೇ ಕೈಬಿಟ್ಟಿದ್ದಳು.

ತೊಡಕು ಇದ್ದದ್ದು ಬೇರೆ ಕಡೆ. ಅವಳು ರಫ್ತು ಮಾಡಹೊರಟ ದುಬೈ ಹೋಟೆಲುಗಳಿಗೆ ಬೇಕಾದದ್ದು ಹಿಂಗಾಲು, ಮತ್ತೆ ಎಂಟು ಎಲುಬಿನ ಇಡೀ ಪಕ್ಕೆ. ಅದಕ್ಕೆ ಅವರು ‘ರ‍್ಯಾಕ್’ ಅನ್ನುತ್ತಾರೆ. ಉಳಿದ ಕುತ್ತಿಗೆ, ಭುಜ, ಎದೆ ಎಲ್ಲ ಮುಂಬಯಿಯಲ್ಲೇ ಖರ್ಚಾಗಬೇಕು. ಆದರೆ ನಮ್ಮ ಜನ ಕೇಳುವುದೇನು? ಪಕ್ಕೆಯ ಎರಡು ಚಾಪ್, ಒಂದು ನಳ್ಳಿ ಎಲುಬು, ಚೂರು ಲಿವರ್, ಬಾಕಿ ಮಿಕ್ಸ್. ಅದಿಲ್ಲದಿದ್ದರೆ ಅವರಿಗೆ ಅದು ಮಟನ್ನೇ ಅಲ್ಲ.

ಇಲ್ಲಿ ಗಿರಾಕಿ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಘಾಟ್ಕೋಪರಿನಲ್ಲಿ ನನ್ನದೊಬ್ಬಳು ಗೆಳತಿ, ಹೋಟೆಲಿನವರ ಹೆಂಡತಿ, ನಲವತ್ತು ವರ್ಷದ ಸ್ನೇಹ. ಅವಳು ಹೂಂ ಅಂದರೆ ಅವಳ ಹಿಂದೆ ಹತ್ತು ಹನ್ನೆರಡು ಮನೆ. ಒಂದು ಭಾನುವಾರ ಅಂಗಡಿಗೇ ಬಂದಳು.

“ಮಾರಾಯ್ತಿ, ಹೋದ ವಾರ ಬರೀ ಕುತ್ತಿಗೆ ಕಳಿಸಿದ್ದಿ. ಈ ಕುರಿಗೆ ಪಕ್ಕೆಯೇ ಇರ್ಲಿಲ್ವಾ ಅಂತ ಕೇಳಿದ್ರು ನಮ್ಮವರು.”

“ಅದು ದುಬೈಗೆ ಹೋಗ್ತದೆ.”

“ಓಹೋ. ಶೇಖನಿಗೆ ಚಾಪ್, ನಮಗೆ ಗಂಟ್ಲು. ಒಳ್ಳೆ ಆರ್ಗ್ಯಾನಿಕ್ ನಿಂದು.”

ಮಗಳು ದುಬೈ ಕಂಪನಿಯ ಏಜೆಂಟನನ್ನು ಕರೆತರಲು ಕುರ್ಲಾ ಸ್ಟೇಷನ್ನಿಗೆ ಹೋಗಿದ್ದಳು. ಅವನಿಗೆ ತೋರಿಸಲೆಂದು ಫ್ರಿಜ್ಜಿನಲ್ಲಿ ಐದು ರ‍್ಯಾಕ್ ಇದ್ದವು. ಅಂಗಡಿಯ ಕಟುಕನಿಗೆ ಹೇಳಿ ಒಂದರಿಂದ ಎರಡೇ ಎರಡು ಚಾಪ್ ತೆಗೆಸಿಕೊಟ್ಟೆ. ಬಾಗಿಲಿಗೆ ಬಂದವಳನ್ನು ಬರಿಗೈಯಲ್ಲಿ ಕಳಿಸುವುದೆಂತು?

ಏಜೆಂಟ್ ಬಂದವನೇ ಗ್ಲೋವ್ಸ್ ತೊಟ್ಟು ಒಂದೊಂದೇ ಎಲುಬು ಎಣಿಸಿದ. ಐದನೆಯ ರ‍್ಯಾಕಿನಲ್ಲಿ ಎಂಟರ ಬದಲು ಆರಕ್ಕೇ ಬೆರಳು ನಿಂತಿತು. “ಮ್ಯಾಡಮ್, ಇಸ್ ಮೇ ತೋ ಛೇ ಹೈ.”

ಮಗಳು ನನ್ನತ್ತ ತಿರುಗಿದಳು. “ಇಟ್ ವಾಸ್ ಫಾರ್ ಎ ಫ್ರೆಂಡ್,” ಅಂದೆ.

ಅವನು ನಕ್ಕ. “ಆಂಟೀಜಿ, ಸ್ಯಾಂಪಲ್ ಮೇ ಏಕ್ ಫ್ರೆಂಡ್, ತೋ ಕಂಟೈನರ್ ಮೇ ಕಿತನೇ?”

ಆರ್ಡರ್ ಬರಲಿಲ್ಲ. ಮಗಳು ಬೈಯಲೂ ಇಲ್ಲ. “ಒಂದು ಫೋನ್ ಮಾಡಿ ಕೇಳ್ಬಹುದಿತ್ತಲ್ಲ ಅಮ್ಮ,” ಅಂದಳು, ಅಷ್ಟೆ. ಕೇಳಬಹುದಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ ಎಂದರೆ ಯಾರು ನಂಬುತ್ತಾರೆ?

ಈಗ ರ‍್ಯಾಕುಗಳೆಲ್ಲ ಚಾಪ್ ಆಗಿ ಆ ಹತ್ತು ಹನ್ನೆರಡು ಮನೆಗೇ ಹೋಗುತ್ತವೆ. ಮೊನ್ನೆ ಗೆಳತಿ ಫೋನ್ ಮಾಡಿದ್ದಳು. “ಈಗ ನೋಡು, ಸರಿಯಾದ ಮಟನ್. ಮೊದ್ಲೇ ಹೀಗೆ ಮಾಡ್ಲಿಕ್ಕೆ ನಿಮಗೆಂಥ ಆಗಿತ್ತು?”

ಪಕ್ಕದ ಕೋಣೆಯಲ್ಲಿ ಮಗಳು ಕುರಿಗಾರನಿಗೆ ಮರಾಠಿಯಲ್ಲಿ ಹೇಳುತ್ತಿದ್ದಳು: ಈ ವಾರ ಎರಡೇ ಕುರಿ ಸಾಕು, ಉಳಿದವನ್ನು ಸಂತೆಗೆ ಹೊಡೆದುಕೊಂಡು ಹೋಗಿ ಬಂದ ರೇಟಿಗೆ ಮಾರಿಬಿಡಿ.