ಒಳಗೆ ತಿಕ್ಕಬಾರದ ಸೇರು

ಮೊಮ್ಮಗಳು ತನ್ನ ಹಳೆಯ ಫೋನು ಕೊಟ್ಟ ಮೇಲೆ ನನಗೆ ಫೋಟೋ ತೆಗೆಯುವ ಚಟ ಹತ್ತಿತು. ನಾನು ಓದಿದ್ದು ಮೂರನೆಯ ತರಗತಿ. ಫೋನಿನಲ್ಲಿ ಅಕ್ಷರ ಒತ್ತುವುದು ನನ್ನ ಕೈಲಾಗದ ಮಾತು. ಫೋಟೋ ಹಾಕಿ, ಅದರ ಕೆಳಗೆ ಮಾತಾಡಿ ಕಳಿಸುತ್ತೇನೆ. ಮಸ್ಕಿ ಸಂತೆಯಲ್ಲಿ ಕೊಡೆಯ ನೆರಳಿಗೆ ಮಲಗಿದ್ದ ಆಡು. ಲಿಂಗಸುಗೂರಿನ ಪಂಕ್ಚರ್ ಅಂಗಡಿಯವನು ಟ್ಯೂಬ್ ಅದ್ದಿ ನೋಡುವ ಕಲ್ಲಿನ ದೋಣಿ. ಒಂದು ಕಾಲಕ್ಕೆ ಯಾರದೋ ಎತ್ತು ಅದರಲ್ಲಿ ನೀರು ಕುಡಿದಿರಬೇಕು. ವಳಕಮದಿನ್ನಿಯ ಗದ್ದೆಯಲ್ಲಿ ಹಳೆಯ ಮನೆಯ ಕೆತ್ತನೆ ಬಾಗಿಲನ್ನು ಕಾಲುವೆಗೆ ಅಡ್ಡ ಹಾಕಿ ಅದರ ಮೇಲೆ ಓಡಾಡುತ್ತಾರೆ, ಅದು. ಇವೆಲ್ಲ ನಮ್ಮೂರಿನವರ ವಾಟ್ಸಾಪ್ ಗುಂಪಿಗೆ ಹೋಗುತ್ತವೆ. ನಮ್ಮ ಹಾಗೆ ಸಿಂಧನೂರಿಗೆ ಬಂದವರು, ಹಳ್ಳಿಯಲ್ಲೇ ಉಳಿದವರು, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು, ಎಲ್ಲರೂ ಅದರಲ್ಲಿದ್ದಾರೆ.

ಹೋದ ತಿಂಗಳು ಅಟ್ಟದಿಂದ ಹಿತ್ತಾಳೆ ಸೇರು ಇಳಿಸಿದೆ. ಕಾಳು ಅಳೆಯುವ ಸೇರು. ನಮ್ಮ ಮನೆಯಲ್ಲಿ ಎರಡಿದ್ದವು. ಕಟ್ಟಿಗೆಯದು ಮನೆಗೆ ಬಂದ ಕಾಳು ಅಳೆದುಕೊಳ್ಳಲು, ಹಿತ್ತಾಳೆಯದು ಕೂಲಿಯವರಿಗೆ ಅಳೆದು ಕೊಡಲು. ನಾನು ಸೊಸೆಯಾಗಿ ಬಂದ ವರ್ಷವೇ ಅತ್ತೆ ಅದನ್ನು ನನ್ನ ಕೈಗಿಟ್ಟಿದ್ದಳು.

“ಕೊಡೂದು ಹಿತ್ತಾಳಿಲೆ ಕೊಡಬೇಕು, ಪುಣ್ಯ ಬರ್ತದ. ಹೊರಗ ಎಷ್ಟರ ತಿಕ್ಕು. ಒಳಗ ಮಾತ್ರ ತಿಕ್ಕಬ್ಯಾಡ, ಲಕ್ಷ್ಮಿ ತೊಳದು ಹೋಗ್ತಾಳ.”

ನಾನು ತಿಕ್ಕಲಿಲ್ಲ. ಒಳಗೆ ಇದ್ದಲಿಯಂತೆ ಕಪ್ಪು ಹಿಡಿದಿತ್ತು.

ಆದರೆ ಕಪ್ಪು ಸೇರಿನ ಫೋಟೋ ಯಾರು ನೋಡುತ್ತಾರೆ? ಅತ್ತೆ ಹೋಗಿ ಬಹಳ ವರ್ಷವಾಯಿತು, ಲಕ್ಷ್ಮಿ ಎಷ್ಟಿದ್ದಳು ಎಂಬುದೂ ನನಗೆ ಗೊತ್ತಿದೆ. ಹುಣಸೆಹಣ್ಣು, ಬೂದಿ ಹಚ್ಚಿ ಒಳಗೂ ಹೊರಗೂ ತಿಕ್ಕಿದೆ. ಕಟ್ಟೆಯ ಮೇಲಿಟ್ಟು ಪಕ್ಕದಿಂದ ಒಂದು, ಮೇಲಿನಿಂದ ಒಂದು ಫೋಟೋ ತೆಗೆದೆ. “ಇದು ನಮ್ಮ ಮನಿ ಸೇರು. ಮೂವತ್ತು ವರ್ಷ ಇದೇ ಕೈಲೆ ಅಳದು ಕೊಟ್ಟೀನಿ. ಒಬ್ಬರಿಗೂ ಒಂದು ಕಾಳು ಕಡಿಮಿ ಕೊಟ್ಟಿಲ್ಲ” ಎಂದು ಹೇಳಿ ಕಳಿಸಿದೆ. ಕೈ ಮುಗಿದ ಚಿತ್ರಗಳು ಬಂದವು, ಹೂವು ಬಂದವು.

ಮರುದಿನ ಮುಂಜಾನೆ ಸಾಲಗುಂದದಿಂದ ಒಂದು ಮಾತು ಬಂತು. ಆ ಊರಿಗೆ ಕೊಟ್ಟ ನಮ್ಮ ಹಳ್ಳಿಯ ಹುಡುಗಿಯದು. ಹುಡುಗಿ ಎಂದರೂ ಈಗ ಅವಳಿಗೇ ಮೊಮ್ಮಕ್ಕಳು ಆಗುವ ಹೊತ್ತು. ಅವಳ ತಾಯಿ ಅವಳ ಹತ್ತಿರವೇ ಇರುತ್ತಾಳೆ.

“ಅಮ್ಮಾರ, ಫೋಟೋ ನಮ್ಮವ್ವಗ ತೋರಿಸಿದೆ. ತಳ ನೋಡಂತ ಹೇಳು ಅಂದ್ಳು. ಅಷ್ಟ ಅಂದು ಎದ್ದು ಹೋದ್ಳು. ನನಗೇನು ತಿಳೀಲಿಲ್ಲರೀ.”

ನನಗೆ ತಿಳಿಯಿತು.

ಆ ತಾಯಿ ನನ್ನ ವಾರಿಗೆಯವಳು. ನಮ್ಮ ಹೊಲಕ್ಕೆ ಜೋಳ ಕೊಯ್ಯಲು ಬರುತ್ತಿದ್ದಳು. ಒಂದು ವರ್ಷ ಕಣದಲ್ಲಿ ಕೂತು ಒಬ್ಬೊಬ್ಬರಿಗೆ ಎಂಟು ಸೇರು ಅಳೆದೆ. ನಮ್ಮಲ್ಲಿ ಕಾಳು ಅಳೆಯುವಾಗ ಒಂದು ಎನ್ನುವುದಿಲ್ಲ, ಮೊದಲ ಸೇರಿಗೆ ‘ಲಾಭ’ ಎನ್ನುತ್ತೇವೆ. ಲಾಭ, ಎರಡು, ಮೂರು ಎಂದು ಎಂಟರ ತನಕ ಎಣಿಸಿ ಅವಳ ಚೀಲಕ್ಕೆ ಸುರಿದೆ. ಅವಳು ಮನೆಗೆ ಹೋದವಳು ಚೀಲ ಹೊತ್ತುಕೊಂಡು ತಿರುಗಿ ಬಂದಳು.

“ಅಮ್ಮಾರ, ನೀವು ಎಂಟು ಅಳದ್ರಿ. ನಮ್ಮ ಸೇರಿಲೆ ಏಳ ಆಗ್ಯಾವ.”

ಹತ್ತು ಹೆಂಗಸರು ನಿಂತಿದ್ದರು. ನಾನು ಕೂತಲ್ಲಿಂದಲೇ ಕೇಳಿದೆ: “ಒಂದು ಸೇರು ದಾರ್ಯಾಗ ಬುಕ್ಕಿ ತಿಂದಿ ಏನಬೇ?”

ಎಲ್ಲರೂ ನಕ್ಕರು.

“ನಾ ಸುಳ್ಳ ಹೇಳಾಕತ್ತಿಲ್ಲರೀ.”

“ಹಂಗಾರ ನಮ್ಮ ಸೇರು ಸುಳ್ಳ ಹೇಳ್ತದೇನು?”

ಅವತ್ತಿನಿಂದ ಅವಳ ಹೆಸರೇ ಏಳು ಸೇರಿನಾಕಿ. ಊರ ಹುಡುಗರು ಹಾಗೆಯೇ ಕೂಗಿದರು. ಸುಳ್ಳುಗಾತಿ ಎಂದು ಕೂಲಿಗೂ ಯಾರೂ ಕರೆಯಲಿಲ್ಲ. ಮಗಳನ್ನು ನೋಡಲು ಬಂದ ಬೀಗರಿಗೆ ಯಾರೋ ಬಾವಿಯ ಹತ್ತಿರ ದಾರಿ ತೋರಿಸಿದ್ದು “ಏಳು ಸೇರಿನಾಕಿ ಮನಿ ಅಲ್ಲಿ ಅದ ನೋಡ್ರಿ” ಎಂದು. ಅದನ್ನು ಕೇಳಿ ನಾನೂ ನಕ್ಕಿದ್ದೆ.

ಮೇಲಿನಿಂದ ತೆಗೆದ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿದೆ. ಒಳಗೆ ತಳದ ಸುತ್ತ ತಂತಿಯಂಥ ಒಂದು ಗೆರೆ. ಬೆಸುಗೆಯ ಗೆರೆ. ಎದ್ದು ಹೋಗಿ ಸೇರು ತಂದೆ. ಕಸಬರಿಗೆಯ ಕಡ್ಡಿ ಒಳಗೆ ಬಿಟ್ಟು, ಬಾಯಿಗೆ ಸರಿಯಾಗಿ ಮುರಿದು, ಅದನ್ನು ಹೊರಗೆ ಹಿಡಿದೆ. ಬೆರಳಷ್ಟು ಗಿಡ್ಡ ಬಂತು. ಮತ್ತೊಮ್ಮೆ ಹಿಡಿದೆ. ಅಷ್ಟೇ ಗಿಡ್ಡ. ಕೂತವಳು ಕೂತೇ ಇದ್ದೆ. ಒಲೆಯ ಮೇಲೆ ಬೇಳೆ ಸೀದ ವಾಸನೆಗೆ ಸೊಸೆ ಓಡಿ ಬಂದಳು, ನನ್ನ ಮೂಗಿಗೆ ಅದು ಬಡಿದೇ ಇರಲಿಲ್ಲ.

ಪಾತ್ರೆಗೆ ಕಲಾಯಿ ಹಾಕುವವನ ಹತ್ತಿರ ಒಯ್ದೆ. ಮುಸಲ್ಮಾನರ ಪೈಕಿ, ಅಪ್ಪನ ಕಾಲದಿಂದ ಅದೇ ಕೆಲಸ. ಬೆರಳಿನ ಗೆಣ್ಣಿನಿಂದ ತಳಕ್ಕೆ ಒಮ್ಮೆ ಬಡಿದ, ಅಷ್ಟೇ.

“ಅಮ್ಮಾ, ಇದು ಎರಡು ತಳದ್ದು ಅದ.”

“ಇಂಥಾವು ನೀ ನೋಡೀಯೇನು?”

“ನಮ್ಮ ಅಬ್ಬಾ ಹೇಳ್ತಿದ್ದ. ಕೊಡಾಕ ಒಂದು ಸೇರು, ತಗೊಳ್ಳಾಕ ಒಂದು ಸೇರು. ದೊಡ್ಡ ಮನ್ಯಾಗ ಇರ್ತಾವಂತ.” ನನ್ನ ಮುಖ ನೋಡಿ ಮಾತು ತಿರುಗಿಸಿದ. “ಹಂಗ ಇಡ್ರಿ, ಫೋಟೋಕ್ಕ ಚಲೋ ಕಾಣ್ತದ.”

“ಬಿಚ್ಚು” ಎಂದೆ.

ಬೆಂಕಿಗೆ ಹಿಡಿದ. ಒಳಗಿನ ತಗಡು ಹಂಚಿನ ಮೇಲಿನ ರೊಟ್ಟಿಯಂತೆ ಎದ್ದು ಬಂತು.

ಮಾಡಿಸಿದವರು ಯಾರೋ, ಮಾವನೋ ಅವನ ಅಪ್ಪನೋ. ಅತ್ತೆಗೆ ಗೊತ್ತಿತ್ತು, ಇಲ್ಲದಿದ್ದರೆ ಒಳಗೆ ತಿಕ್ಕಬೇಡ ಎನ್ನುತ್ತಿರಲಿಲ್ಲ. ಗಂಡನಿಗೆ ಗೊತ್ತಿತ್ತೋ ಇಲ್ಲವೋ, ಈಗ ಕೇಳುವಂತಿಲ್ಲ. ಆದರೆ ದಾರಿಯಲ್ಲಿ ಬುಕ್ಕಿದೆಯಾ ಎಂದು ಕೇಳಿದ್ದು ಅವರು ಯಾರೂ ಅಲ್ಲ, ನಾನು.

ಸೇರನ್ನೂ ತಗಡನ್ನೂ ಪಕ್ಕಪಕ್ಕ ಇಟ್ಟು ಫೋಟೋ ತೆಗೆದು ಗುಂಪಿಗೆ ಹಾಕಿದೆ. “ನಿನ್ನಿ ನಾ ಹೇಳಿದ್ದು ಸುಳ್ಳು. ನಮ್ಮ ಸೇರು ಕಳ್ಳ ಸೇರು. ಏಳು ಸೇರು ಅಂತ ಆಕಿ ಹೇಳಿದ್ದ ಖರೇ” ಎಂದು ಕೆಳಗೆ ಹೇಳಿದೆ. ಈ ಸಲ ಹೂವು ಬರಲಿಲ್ಲ. ಅಂಗಡಿಯಿಂದ ಮಗನ ಫೋನು ಬಂತು.

“ಯವ್ವಾ, ಏನ್ ಹಾಕೀದಿ ಅದು? ಮೊದಲ ತಗಿ. ಅಪ್ಪಂದು, ಮುತ್ಯಾಂದು ಹೆಸರು ಏನಾಗಬೇಕು?”

“ಆಕಿ ಹೆಸರು ಏನಾತಲೇ?”

“ಅದು ಈಗ ಯಾರಿಗೆ ನೆನಪದ?”

“ಆಕಿಗಿ ಅದ.”

ಫೋನು ಇಟ್ಟೆ. ಸೇರು ಚೀಲಕ್ಕೆ ಹಾಕಿಕೊಂಡು ಸಾಲಗುಂದದ ಬಸ್ಸು ಹತ್ತಿದೆ.

ಅವಳು ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ತಲೆ ಎತ್ತಿ ನೋಡಿದಳು. ಅಮ್ಮಾರ ಎನ್ನಲಿಲ್ಲ.

“ಬಂದೇನು? ಬಸ್ ಸಿಗಲಿಕ್ಕೆ ಭಾಳ ವರ್ಷ ಹಿಡಿತು ನೋಡು ನಿನಗ.”

“ತಪ್ಪಾತು” ಎಂದೆ. ಅವಳು ಸೇರು ಇಸಿದುಕೊಂಡು ಒಳಗೆ ಬೆರಳು ಇಳಿಸಿ, ತಳ ಮುಟ್ಟುವ ತನಕ ತಡವಿದಳು. ಆಮೇಲೆ ಮಗಳಿಗೆ ಕೂಗಿದಳು: “ಜೋಳದ ಚೀಲ ತಾ. ನಮ್ಮ ಸೇರೂ ತಾ.”

ನನ್ನ ಸೇರಿನಿಂದ ಮೊರಕ್ಕೆ ಅಳೆಯತೊಡಗಿದಳು. ಲಾಭ, ಎರಡು, ಮೂರು. ಅವಸರವಿಲ್ಲ, ಪ್ರತಿ ಸಲವೂ ಅಂಗೈಯಿಂದ ಮೇಲೆ ಸವರಿ ಮಟ್ಟ ಮಾಡಿದಳು. ಎಂಟು ಆದವು. ಅದೇ ಜೋಳವನ್ನು ತನ್ನ ಸೇರಿನಿಂದ ತಿರುಗಿ ಚೀಲಕ್ಕೆ ಅಳೆದಳು. ಏಳು ಎಂದಾಗ ನಿಂತು ನನ್ನ ಮುಖ ನೋಡಿದಳು. ಮೊರದಲ್ಲಿ ಇನ್ನೂ ಜೋಳವಿತ್ತು. ಕೊನೆಯ ಸೇರು ತುಂಬಿ, ಸವರಿ, ಕೈಯಲ್ಲಿ ಹಾಗೆಯೇ ಎತ್ತಿ ಹಿಡಿದಳು.

“ಫೋಟೋ ತಗಿ.”

ಸೇರಿನ ಬಾಯಿ ಕಾಣುವ ಹಾಗೆ ಒಂದು ತೆಗೆದೆ.

“ಗುಂಪಿಗೆ ಹಾಕು. ಮಾತೂ ಹಾಕು.”

“ಏನಂತ ಹಾಕ್ಲಿ?”

“ಎಂಟು ಅಂತ ಹಾಕು. ಅಷ್ಟ ಸಾಕು.”

ಫೋನು ಬಾಯಿಯ ಹತ್ತಿರ ಹಿಡಿದು “ಎಂಟು” ಎಂದೆ. ಕಳಿಸಿದೆ.